ಜೀವಕೋಶಕ್ಕೆ ಕಡಿವಾಣ ಹಾಕುವ ಜೀನುಗಳು

ಬೆಳವಣಿಗೆಯು ಜೀವದ ಲಕ್ಷಣವೆಂದು ನಾವು ಚಿಕ್ಕ ತರಗತಿಗಳಲ್ಲಿಯೇ ಕಲಿತಿರುತ್ತೇವೆ. ಬೆಳೆಯುವುದನ್ನು ತಕ್ಕ ವೇಳೆಗೆ ನಿಲ್ಲಿಸುವುದೂ ಜೀವದ ಲಕ್ಷಣವೇ ಎಂಬುದು ಮಾತ್ರ ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಕಬ್ಬು ಕಡಿಯುವಾಗ ಕುಡುಗೋಲು ತಾಗಿ ಬೆರಳು ಕೊಯ್ದುಕೊಂಡಿತೆನ್ನಿ. ಗಾಯದ ಅಂಚಿನ ಚರ್ಮವು ಒಡನೆಯೇ ಬೆಳೆಯತೊಡಗುವುದು; ಕೆಲವು ದಿನಗಳಲ್ಲಿ ಎರಡು ಅಂಚುಗಳೂ ಕೂಡಿಕೊಳ್ಳುವುವು; ಕೂಡಿಕೊಂಡ ಬಳಿಕ ಬೆಳವಣಿಗೆ ತಾನಾಗಿಯೇ ನಿಲ್ಲುವುದು. ಅದು ನಿಲ್ಲದೆ ಹೋದರೆ ಬೆರಳಿನ ಮೇಲೊಂದು ಮಾಂಸದ ಗುಡ್ಡೆಯೇ ಏಳಬೇಕಾಗಿತ್ತು. ಹಾಗಾದರೆ ಚರ್ಮದ ಜೀವಕೋಶಗಳಿಗೆ “ಇನ್ನು ಸಾಕು” ಎಂದು ಹೇಳಿದವರು ಯಾರು? ಆ ಅಪ್ಪಣೆಯನ್ನು ಪಾಲಿಸದ ಕೋಶದ ಗತಿ ಏನು?

ಕ್ಯಾನ್ಸರ್ ಅಥವಾ ಏಡಿಗಂತಿ ಎಂಬ ರೋಗದ ತಿರುಳು ಈ ಎರಡು ಪ್ರಶ್ನೆಗಳಲ್ಲಿ ಅಡಗಿದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ಸದಲಗಾ, ನಿಪ್ಪಾಣಿಗಳ ವಿದ್ಯಾರ್ಥಿಗಳಿಗಂತೂ ಇದು ದೂರದ ವಿಷಯವಲ್ಲ. ದೂಧಗಂಗಾ ವೇದಗಂಗಾ ನದಿಗಳ ಈ ಬಯಲು ಕಬ್ಬಿಗೆ ಹೇಗೋ ಹಾಗೆ ತಂಬಾಕಿಗೂ ಹೆಸರಾದುದು. ನಿಪ್ಪಾಣಿಯ ಪೇಟೆಯು ಬೀಡಿ ತಂಬಾಕಿನಿಂದಲೇ ಬೆಳೆದುದು. ತಂಬಾಕಿಗೂ ಮೇಲಿನ ಪ್ರಶ್ನೆಗಳಿಗೂ ಇರುವ ನಂಟನ್ನು ಮುಂದೆ ನೋಡೋಣ. ಮೊದಲು ಜೀವಕೋಶದ ಒಳಗಿನ ವ್ಯವಸ್ಥೆಯನ್ನು ಅರಿತುಕೊಳ್ಳಬೇಕು.

ಒಂದು ಸಣ್ಣ ಲೆಕ್ಕ

ವಯಸ್ಕ ಮನುಷ್ಯನ ಶರೀರದಲ್ಲಿ ಸುಮಾರು ೩೭ ಲಕ್ಷ ಕೋಟಿ ಜೀವಕೋಶಗಳಿವೆಯೆಂದು ಅಂದಾಜು. ಇವೆಲ್ಲವೂ ಒಂದೇ ಒಂದು ಕೋಶವು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಒಡೆಯುತ್ತ ಬಂದುದರ ಫಲ. ಇಮ್ಮಡಿಸುವಿಕೆಯ ಬಲ ಎಷ್ಟೆಂಬುದನ್ನು ಗಣಿತ ಬಲ್ಲ ವಾಚಕರು ಊಹಿಸಬಲ್ಲರು. ಒಂದು ಕೋಶವು ಮೂವತ್ತು ಸಲ ಇಮ್ಮಡಿಸಿದರೆ ನೂರು ಕೋಟಿಗೂ ಮಿಕ್ಕು ಕೋಶಗಳಾಗುವುವು. ಅವೆಲ್ಲ ಒಂದೆಡೆ ಗುಂಪುಗೂಡಿದರೆ ಸುಮಾರು ಒಂದು ಗ್ರಾಂ ತೂಕದ, ಒಂದು ಸೆಂಟಿಮೀಟರ್ ಅಗಲದ ಗಂಟಾಗುವುದು. ಅಲ್ಲಿಂದ ಮುಂದೆ ಇನ್ನು ಹತ್ತೇ ಸಲ ಇಮ್ಮಡಿಸಿದರೆ ಅದು ಒಂದು ಕಿಲೋಗ್ರಾಂ ತೂಗುವುದು. ಬೆರಳಿಗೆ ಸಿಕ್ಕುವಷ್ಟು ಚಿಕ್ಕ ಗಂಟನ್ನು “ಈಗ ತಾನೇ ಹುಟ್ಟಿದ್ದು” ಎಂದು ಜನ ಭಾವಿಸುತ್ತಾರೆ. ಲೆಕ್ಕ ನೋಡಿದರೆ ಅದು ತನ್ನ ಪಯಣದ ಮುಕ್ಕಾಲು ಪಾಲನ್ನು ಆಗಲೇ ಮುಗಿಸಿರುತ್ತದೆ.

ಆದುದರಿಂದ ಕೋಶವು ಯಾವಾಗ ಒಡೆಯಬೇಕು, ಯಾವಾಗ ಸುಮ್ಮನಿರಬೇಕು, ಯಾವಾಗ ಸಾಯಬೇಕು ಎಂಬ ಮೂರು ನಿರ್ಣಯಗಳೂ ಕಟ್ಟುನಿಟ್ಟಾಗಿರಬೇಕು. ಈ ನಿಯಮಗಳು ಕೋಶಕೇಂದ್ರದೊಳಗಿನ ಡಿ.ಎನ್.ಎ. ಎಂಬ ಉದ್ದನೆಯ ಎಳೆಯಲ್ಲಿ ಬರೆಯಲ್ಪಟ್ಟಿವೆ. ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕು ರಾಸಾಯನಿಕಗಳೇ ಆ ಬರಹದ ಅಕ್ಷರಗಳು. ಒಂದೊಂದು ಪ್ರೋಟೀನನ್ನು ಹೇಗೆ ಕಟ್ಟಬೇಕೆಂದು ತಿಳಿಸುವ ಒಂದೊಂದು ಪರಿಚ್ಛೇದಕ್ಕೆ ಜೀನ್ ಎಂದು ಹೆಸರು. ಮನುಷ್ಯನಲ್ಲಿ ಇಂಥ ಜೀನುಗಳು ಸುಮಾರು ಇಪ್ಪತ್ತು ಸಾವಿರ. ಅವು ೨೩ ಜೊತೆ ವರ್ಣತಂತುಗಳಲ್ಲಿ ಹಂಚಿಕೊಂಡಿವೆ. ಜೊತೆಯಲ್ಲಿ ಒಂದು ತಂದೆಯಿಂದ, ಒಂದು ತಾಯಿಯಿಂದ ಬಂದುದು. ಆದುದರಿಂದ ಬಹುತೇಕ ಪ್ರತಿಯೊಂದು ಜೀನಿಗೂ ನಮ್ಮಲ್ಲಿ ಎರಡು ಪ್ರತಿಗಳುಂಟು. ಈ “ಎರಡು ಪ್ರತಿ” ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಬರಹದಲ್ಲಿ ಅಕ್ಷರವೊಂದು ತಪ್ಪಿ ಬೀಳುವುದಕ್ಕೆ ಉತ್ಪರಿವರ್ತನೆ ಎನ್ನುತ್ತೇವೆ.

ಪೆಡಲು ಮತ್ತು ಬ್ರೇಕು

ಸೈಕಲ್ಲನ್ನು ಮುಂದೂಡುವುದಕ್ಕೆ ಪೆಡಲು ಇರುವಂತೆ ಕೋಶವನ್ನು ವಿಭಜನೆಯತ್ತ ನೂಕುವ ಜೀನುಗಳು ಕೆಲವುಂಟು. ಉತ್ಪರಿವರ್ತನೆಯಿಂದ ಇಂಥದೊಂದು ಜೀನು ಸದಾಕಾಲವೂ “ಒಡೆ, ಒಡೆ” ಎಂದು ಕೂಗತೊಡಗಿದರೆ ಕೋಶಕ್ಕೆ ಬಿಡುವೇ ಇರುವುದಿಲ್ಲ. ಇವನ್ನು ಕ್ಯಾನ್ಸರ್‌ಜನಕ ಜೀನುಗಳೆಂದು ಕರೆಯಬಹುದು. ಇವುಗಳ ಮೂಲವು ನಮ್ಮ ಸಹಜ ಜೀನುಗಳೇ ಎಂದು ೧೯೭೬ರಲ್ಲಿ ತೋರಿಸಿಕೊಟ್ಟ ಬಿಷಪ್ ಮತ್ತು ವಾರ್ಮಸ್ ಎಂಬ ಅಮೆರಿಕದ ವಿಜ್ಞಾನಿಗಳಿಗೆ ೧೯೮೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಪೆಡಲು ಇದ್ದಲ್ಲಿ ಬ್ರೇಕೂ ಇರಬೇಕಷ್ಟೆ. ಅದರ ಸುಳಿವು ದೊರೆತುದು ೧೯೬೯ರಲ್ಲಿ. ಆಕ್ಸ್‌ಫರ್ಡಿನ ಹೆನ್ರಿ ಹ್ಯಾರಿಸ್ ಮತ್ತು ಸಂಗಡಿಗರು ಇಲಿಯ ಕ್ಯಾನ್ಸರ್ ಕೋಶವನ್ನೂ ಆರೋಗ್ಯವಂತ ಕೋಶವನ್ನೂ ಕರಗಿಸಿ ಒಂದುಗೂಡಿಸಿದರು. ಕ್ಯಾನ್ಸರ್ ಎಂಬುದು ಕೇವಲ ಪೆಡಲಿನ ಹುಚ್ಚಾಟವಾಗಿದ್ದರೆ ಆ ಜೋಡಿಕೋಶವೂ ಹುಚ್ಚೆದ್ದು ಬೆಳೆಯಬೇಕಾಗಿತ್ತು. ನಡೆದುದೇ ಬೇರೆ. ಅನೇಕ ಜೋಡಿಕೋಶಗಳು ಸಾಧುವಾಗಿಬಿಟ್ಟವು. ಇಲಿಗಳಿಗೆ ಚುಚ್ಚಿದರೂ ಗಂತಿ ಏಳಲಿಲ್ಲ. ಆರೋಗ್ಯವಂತ ಕೋಶವು ತನ್ನೊಡನೆ ಏನನ್ನೋ ತಂದು ಆ ಉದ್ದಂಡತನವನ್ನು ಅಡಗಿಸಿತ್ತು. ಕ್ಯಾನ್ಸರ್ ಕೋಶವು ಕಳೆದುಕೊಂಡಿದ್ದ ಆ “ಏನೋ” ಒಂದಕ್ಕೆ ಮುಂದೆ ಗಂತಿ ನಿಗ್ರಹಕ ಜೀನ್ ಎಂಬ ಹೆಸರು ಬಂದಿತು.

ಮಗುವಿನ ಕಣ್ಣಿನಲ್ಲಿ ಕಂಡ ಸತ್ಯ

ಭೌತಶಾಸ್ತ್ರವನ್ನು ಪಾಠ ಹೇಳುವವನಿಗೆ ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮೆಚ್ಚುಗೆಯಾಗುವ ಭಾಗ ಇನ್ನು ಮುಂದಿನದು. ಇಲ್ಲಿ ಯಾವ ದೊಡ್ಡ ಯಂತ್ರವೂ ಇಲ್ಲ; ಆಸ್ಪತ್ರೆಯ ಹಳೆಯ ದಾಖಲೆ ಮತ್ತು ಒಂದು ಆಲೇಖ್ಯದ ಕಾಗದ, ಇಷ್ಟೇ.

ಎಳೆಯ ಮಕ್ಕಳ ಕಣ್ಣಿನ ಅಕ್ಷಿಪಟಲದಲ್ಲಿ ರೆಟಿನೊಬ್ಲಾಸ್ಟೋಮಾ ಎಂಬ ಗಂತಿ ಅಪರೂಪಕ್ಕೆ ಹುಟ್ಟುವುದುಂಟು. ದೀಪದ ಬೆಳಕಿನಲ್ಲಿ ಅಥವಾ ಛಾಯಾಚಿತ್ರದಲ್ಲಿ ಮಗುವಿನ ಕಣ್ಣಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುವುದೇ ಇದರ ಮೊದಲ ಸೂಚನೆ. ಕೆಲವು ಮಕ್ಕಳಿಗೆ ಎರಡು ಕಣ್ಣುಗಳಲ್ಲಿಯೂ, ಎಳವೆಯಲ್ಲಿಯೇ ಗಂತಿಗಳಾಗುವುವು; ಇದು ಹುಟ್ಟಿನಿಂದಲೇ ಬಂದುದು, ಮುಂದಿನ ಪೀಳಿಗೆಗೂ ಹೋಗಬಲ್ಲುದು. ಉಳಿದ ಬಹುಪಾಲು ಮಕ್ಕಳಲ್ಲಿ ಒಂದೇ ಕಣ್ಣಿಗೆ, ಒಂದೇ ಗಂತಿ, ತುಸು ತಡವಾಗಿ ಬರುವುದು. ವಂಶದಲ್ಲಿ ಬೇರಾರಿಗೂ ಇರುವುದಿಲ್ಲ. ಒಂದೇ ರೋಗಕ್ಕೆ ಎರಡು ನಡತೆ ಏಕೆ?

ಅಮೆರಿಕದ ಹ್ಯೂಸ್ಟನ್ ನಗರದ ವೈದ್ಯ ಆಲ್ಫ್ರೆಡ್ ನುಡ್ಸನ್ನರು ಇಂತಹ ೪೮ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ ೧೯೭೧ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಇನ್ನೂ ರೋಗ ಪತ್ತೆಯಾಗದೆ ಉಳಿದ ಮಕ್ಕಳ ಪ್ರಮಾಣವನ್ನು ಲಘುಗಣಕದ ಅಳತೆಯಲ್ಲಿಯೂ ವಯಸ್ಸನ್ನು ಅಡ್ಡಗೆರೆಯ ಮೇಲೂ ಗುರುತಿಸಿದಾಗ, ಎರಡೂ ಕಣ್ಣಿನ ರೋಗವುಳ್ಳವರ ಬಿಂದುಗಳು ಒಂದು ಸರಳರೇಖೆಯಲ್ಲಿ ಕುಳಿತವು. ರೇಡಿಯಂ ಮೊದಲಾದ ವಿಕಿರಣಶೀಲ ಧಾತುಗಳು ಕ್ಷಯಿಸುವಾಗ ಬರುವ ರೇಖೆಯೂ ಇಂತಹುದೇ. ಒಂದೇ ಒಂದು ಆಕಸ್ಮಿಕ ಘಟನೆಯಿಂದ ಕಾರ್ಯ ನಡೆದುಹೋಗುವುದಾದರೆ ಈ ರೇಖೆ ಬರುವುದು. ಒಂದೇ ಕಣ್ಣಿನ ರೋಗವುಳ್ಳವರಲ್ಲಿಯಾದರೋ ರೇಖೆ ಬಾಗಿತ್ತು. ಎರಡು ಆಕಸ್ಮಿಕಗಳು ಒಂದರ ಮೇಲೊಂದು ಘಟಿಸಬೇಕಾದಾಗ ಬರುವ ಬಾಗು ಅದು.

ಇದರ ಅರ್ಥವನ್ನು ಸೈಕಲ್ಲಿನ ದೃಷ್ಟಾಂತದಿಂದ ತಿಳಿಯಬಹುದು. ಸೈಕಲ್ಲಿಗೆ ಮುಂದೊಂದು ಹಿಂದೊಂದು ಹೀಗೆ ಎರಡು ಬ್ರೇಕುಗಳಿರುತ್ತವೆ. ಒಂದರ ತಂತಿ ಹರಿದರೂ ಇನ್ನೊಂದರಿಂದ ಸವಾರಿ ಸಾಗುವುದು; ಸವಾರನಿಗೆ ಏನೂ ಆದಂತೆಯೇ ತೋರುವುದಿಲ್ಲ. ಎರಡನೆಯದೂ ಹರಿದ ದಿನ ಇಳಿಜಾರಿನಲ್ಲಿ ಗತಿಯಿಲ್ಲ. ಎರಡೂ ಪ್ರತಿಗಳು ಸರಿಯಾಗಿರುವ ಮಗುವಿನ ಒಂದೇ ಕೋಶದಲ್ಲಿ ಎರಡು ಪ್ರತಿಗಳೂ ಕೆಡುವುದು ಅತಿ ವಿರಳ. ಆದರೆ ಒಂದು ಪ್ರತಿ ಕೆಟ್ಟೇ ಹುಟ್ಟಿದ ಮಗುವಿನಲ್ಲಿ ಅಕ್ಷಿಪಟಲದ ಪ್ರತಿಯೊಂದು ಕೋಶವೂ ಒಂದು ಬ್ರೇಕಿನ ಸೈಕಲ್ಲೇ. ಲಕ್ಷಾಂತರ ಕೋಶಗಳಲ್ಲಿ ಯಾವುದಾದರೂ ಒಂದೆರಡರಲ್ಲಿ ಉಳಿದ ತಂತಿಯೂ ಹರಿಯುವುದು ಹೆಚ್ಚುಕಡಿಮೆ ನಿಶ್ಚಿತ. ನುಡ್ಸನ್ನರ ಈ “ಎರಡು ಪೆಟ್ಟಿನ ವಾದ”ವು ಹದಿನೈದು ವರ್ಷಗಳ ತರುವಾಯ, ೧೯೮೬ರಲ್ಲಿ, ಹದಿಮೂರನೆಯ ವರ್ಣತಂತುವಿನಲ್ಲಿ ಆ ಜೀನು ಕೈಗೆ ಸಿಕ್ಕಾಗ ಸ್ಥಿರಪಟ್ಟಿತು. ಅದಕ್ಕೆ ಆರ್‌ಬಿ ಎಂದು ಹೆಸರು.

ಬಾಗಿಲು ಕಾಯುವ ಆರ್‌ಬಿ

ಆರ್‌ಬಿ ಪ್ರೋಟೀನಿನ ಕೆಲಸ ದ್ವಾರಪಾಲಕನದು. ವಿಭಜನೆಗೆ ಮುಂಚೆ ಕೋಶವು ತನ್ನ ಡಿ.ಎನ್.ಎ. ಅಷ್ಟನ್ನೂ ನಕಲು ಮಾಡಿಕೊಳ್ಳಬೇಕು. ಆ ಕಾರ್ಯವನ್ನು ಆರಂಭಿಸುವ ಇ೨ಎಫ್ ಎಂಬ ಪ್ರೋಟೀನನ್ನು ಆರ್‌ಬಿಯು ಹಿಡಿದು ಕುಳಿತಿರುತ್ತದೆ. ಹೊರಗಿನಿಂದ ನಿಜವಾದ ಅಪ್ಪಣೆ ಬಂದಾಗ ಸಿ.ಡಿ.ಕೆ.-೪ ಮೊದಲಾದ ಕಿಣ್ವಗಳು ಆರ್‌ಬಿಗೆ ಫಾಸ್ಫೇಟುಗಳನ್ನು ಅಂಟಿಸುತ್ತವೆ. ಆರ್‌ಬಿಯ ಹಿಡಿತ ಸಡಿಲುತ್ತದೆ. ನಕಲಿನ ಕೆಲಸ ತೊಡಗುತ್ತದೆ. ಆರ್‌ಬಿಯೇ ಇಲ್ಲದ ಕೋಶದಲ್ಲಿ ಅಪ್ಪಣೆಯ ಅವಶ್ಯಕತೆಯೇ ಇಲ್ಲ. ಬಾಗಿಲು ಹಗಲಿರುಳೂ ತೆರೆದೇ ಇರುವುದು.

ಪಿ-೫೩: ತೀರ್ಪುಗಾರ

ಗಂತಿ ನಿಗ್ರಹಕಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಪಿ-೫೩. ೧೯೭೯ರಲ್ಲಿ ಹಲವು ಪ್ರಯೋಗಶಾಲೆಗಳು ಇದನ್ನು ಏಕಕಾಲಕ್ಕೆ ಕಂಡವು. ತೂಕವನ್ನು ಅಳೆದಾಗ ೫೩ ಸಾವಿರ ಮಾನಗಳಷ್ಟು ಇದ್ದಂತೆ ತೋರಿದ್ದರಿಂದ ಈ ಹೆಸರು ಬಂದಿತು. ನಿಜವಾದ ತೂಕ ಸುಮಾರು ೪೪ ಸಾವಿರವೇ. ಹೆಸರಿಗಿಂತ ದೊಡ್ಡ ತಪ್ಪು ಇನ್ನೊಂದಾಯಿತು. ಕ್ಯಾನ್ಸರ್ ಕೋಶಗಳಲ್ಲಿ ಇದು ವಿಶೇಷವಾಗಿ ತುಂಬಿರುವುದನ್ನು ಕಂಡು ವಿಜ್ಞಾನಿಗಳು ಇದನ್ನು ಹತ್ತು ವರ್ಷಗಳ ಕಾಲ ಕ್ಯಾನ್ಸರ್‌ಜನಕವೆಂದೇ ಬಗೆದಿದ್ದರು. ಅವರು ಪ್ರಯೋಗಕ್ಕೆ ಬಳಸಿದ್ದುದು ಕೆಟ್ಟುಹೋದ ಪ್ರತಿಗಳನ್ನು ಎಂಬುದು ೧೯೮೯ರಲ್ಲಿ ಬಯಲಾಯಿತು. ಕಳುವಾದ ಮನೆಯಲ್ಲಿ ಕೈಕಾಲು ಕಟ್ಟಿಸಿಕೊಂಡು ಬಿದ್ದಿದ್ದ ಕಾವಲುಗಾರನನ್ನೇ ಕಳ್ಳನೆಂದು ತಿಳಿದಂತಾಗಿತ್ತು. ಮನುಷ್ಯರ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಈ ಒಂದೇ ಜೀನು ಕೆಟ್ಟಿರುತ್ತದೆ.

ನೆಮ್ಮದಿಯ ದಿನಗಳಲ್ಲಿ ಕೋಶದಲ್ಲಿ ಪಿ-೫೩ ಬಹಳ ಕಡಮೆ ಇರುವುದು. ಎಂ.ಡಿ.ಎಂ.-೨ ಎಂಬ ಇನ್ನೊಂದು ಪ್ರೋಟೀನು ಅದನ್ನು ಹುಟ್ಟಿದ ಹಾಗೆಯೇ ನಾಶಕ್ಕೆ ಒಪ್ಪಿಸುತ್ತಿರುತ್ತದೆ. ವಿಕಿರಣದಿಂದಲೋ ವಿಷದಿಂದಲೋ ಡಿ.ಎನ್.ಎ. ಎಳೆ ಹರಿದಾಗ ಈ ನಾಶ ನಿಂತು, ಪಿ-೫೩ ಕೋಶಕೇಂದ್ರದಲ್ಲಿ ಜಮಾಯಿಸುತ್ತದೆ. ಆಗ ಅದು ಎರಡರಲ್ಲಿ ಒಂದು ತೀರ್ಪು ಕೊಡುವುದು. ಹಾನಿ ಸ್ವಲ್ಪವಾಗಿದ್ದರೆ ಪಿ-೨೧ ಎಂಬ ಪ್ರೋಟೀನನ್ನು ಮಾಡಿಸಿ ವಿಭಜನೆಯನ್ನು ತಡೆಯುವುದು. ದುರಸ್ತಿಯಾದ ಮೇಲೆ ಕೋಶ ತನ್ನ ಕೆಲಸಕ್ಕೆ ಮರಳುವುದು. ಹಾನಿ ದುರಸ್ತಿಗೆ ಮೀರಿದ್ದಾದರೆ ಕೋಶಕ್ಕೆ ಮರಣವನ್ನೇ ವಿಧಿಸುವುದು.

ಈ ಮರಣವು ಗಾಯದಿಂದಾಗುವ ಸಾವಿನಂಥದಲ್ಲ. ಕೋಶವು ತನ್ನ ಡಿ.ಎನ್.ಎ.ಯನ್ನು ತಾನೇ ತುಂಡರಿಸಿ, ತಾನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆದು, ನೆರೆಯ ಕೋಶಗಳಿಗೆ ಆಹಾರವಾಗುತ್ತದೆ, ಕೀವಿಲ್ಲ, ಬಾವಿಲ್ಲ. ೧೯೭೨ರಲ್ಲಿ ಕೆರ್, ವೈಲೀ, ಕರೀ ಎಂಬ ಮೂವರು ಇದಕ್ಕೆ ಎಲೆಯುದುರುವಿಕೆಯನ್ನು ಸೂಚಿಸುವ ಗ್ರೀಕ್ ಪದದಿಂದ ಅಪಾಪ್ಟೋಸಿಸ್ ಎಂದು ನಾಮಕರಣ ಮಾಡಿದರು. ಗೊದಮೊಟ್ಟೆಯ ಬಾಲ ಮಾಯವಾಗುವುದೂ, ಗರ್ಭದಲ್ಲಿ ಶಿಶುವಿನ ಬೆರಳುಗಳ ನಡುವಣ ಪೊರೆ ಕರಗುವುದೂ ಇದರಿಂದಲೇ. ಆರೋಗ್ಯವಂತನ ಶರೀರದಲ್ಲಿಯೂ ದಿನವೊಂದಕ್ಕೆ ಸಾವಿರಾರು ಕೋಟಿ ಕೋಶಗಳು ಹೀಗೆ ಸದ್ದಿಲ್ಲದೆ ಉದುರುತ್ತವೆ. ಇಡೀ ಶರೀರದ ಬಾಳುವೆಗಾಗಿ ಬಿಡಿ ಕೋಶವು ಸಾಯಲು ಸಿದ್ಧವಿರಬೇಕು. ಸಾಯಲೊಲ್ಲದ ಕೋಶವೇ ಕ್ಯಾನ್ಸರಿನ ಬೀಜ.

ಪಿ-೫೩ರಲ್ಲಿ ಇನ್ನೊಂದು ವಿಶೇಷವುಂಟು. ಇದರ ನಾಲ್ಕು ಅಣುಗಳು ಕೂಡಿದಾಗಲೇ ಕೆಲಸ ನಡೆಯುವುದು. ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿತೆನ್ನೋಣ. ಆಗ ತಯಾರಾಗುವ ಅಣುಗಳಲ್ಲಿ ಅರ್ಧ ಒಳ್ಳೆಯವು, ಅರ್ಧ ಕೆಟ್ಟವು. ಅವು ಮನಬಂದಂತೆ ನಾಲ್ಕು ನಾಲ್ಕಾಗಿ ಕೂಡಿದರೆ ನಾಲ್ಕೂ ಒಳ್ಳೆಯವಾಗಿರುವ ಸಂಭವ ಹದಿನಾರರಲ್ಲಿ ಒಂದು ಮಾತ್ರ. ನೊಗಕ್ಕೆ ಹೂಡಿದ ನಾಲ್ಕು ಎತ್ತುಗಳಲ್ಲಿ ಒಂದು ಮಲಗಿದರೂ ಬಂಡಿ ನಿಲ್ಲುವಂತೆ, ಒಂದು ಕೆಟ್ಟ ಅಣುವೇ ಬಹಳ ಸಂದರ್ಭಗಳಲ್ಲಿ ಉಳಿದ ಮೂರನ್ನು ನಿರರ್ಥಕವಾಗಿಸುವುದು. ಇಲ್ಲಿ ಮೊದಲನೆಯ ಪೆಟ್ಟೇ ಅರ್ಧಕ್ಕಿಂತ ಹೆಚ್ಚು ಕೆಲಸ ಕೆಡಿಸಬಲ್ಲುದು.

ನಾಗರಹೊಳೆ ಬಂಡೀಪುರಗಳ ಆನೆಯನ್ನು ನೋಡಿದವರು ಒಂದು ಪ್ರಶ್ನೆ ಕೇಳಬಹುದು. ಆನೆಗೆ ಮನುಷ್ಯನಿಗಿಂತ ಹಲವು ಮಡಿ ಕೋಶಗಳಿವೆ, ಆಯುಸ್ಸೂ ದೀರ್ಘ, ಹಾಗಿರುವಾಗ ಕ್ಯಾನ್ಸರ್ ಅದಕ್ಕೆ ನಮಗಿಂತ ಹೆಚ್ಚು ಬರಬೇಡವೇ? ಬರುವುದಿಲ್ಲ. ಮನುಷ್ಯನಿಗೆ ಒಂದು ಜೊತೆ ಪಿ-೫೩ ಜೀನು ಇದ್ದರೆ ಏಷ್ಯದ ಆನೆಗೆ ಸುಮಾರು ೧೫ರಿಂದ ೨೦ ಜೊತೆಗಳಿವೆಯೆಂದು ೨೦೧೫ರಲ್ಲಿ ತಿಳಿದುಬಂದಿತು. ಅವುಗಳಲ್ಲಿ ಹೆಚ್ಚಿನವು ಪೂರ್ಣ ರೂಪದ ಪ್ರತಿಗಳಲ್ಲವಾದರೂ, ವಿಕಿರಣ ತಾಗಿದ ಆನೆಯ ಕೋಶವು ಮನುಷ್ಯನ ಕೋಶಕ್ಕಿಂತ ಬೇಗನೆ ಮರಣವನ್ನು ಒಪ್ಪಿಕೊಳ್ಳುತ್ತದೆಯೆಂಬುದು ಪ್ರಯೋಗದಿಂದ ಕಂಡುಬಂದಿದೆ.

ತಂಬಾಕು ಎಲ್ಲಿ ಪೆಟ್ಟು ಕೊಡುತ್ತದೆ?

ನಮಗೆ ಆನೆಯ ಸೌಭಾಗ್ಯವಿಲ್ಲ. ಇರುವ ಎರಡೇ ಪ್ರತಿಗಳನ್ನು ಕಾಪಾಡಿಕೊಳ್ಳಬೇಕು. ತಂಬಾಕು ಪೆಟ್ಟು ಕೊಡುವುದು ನೇರವಾಗಿ ಈ ಪ್ರತಿಗಳಿಗೇ.

ಬೀಡಿ ಸಿಗರೇಟುಗಳ ಹೊಗೆಯಲ್ಲಿ ಬೆಂಜೊಪೈರೀನ್ ಎಂಬ ವಸ್ತುವಿದೆ. ಶರೀರವು ಅದನ್ನು ಹೊರಹಾಕುವ ಯತ್ನದಲ್ಲಿ ಬೇರೊಂದು ರೂಪಕ್ಕೆ ತಿರುಗಿಸುವುದು; ಆ ರೂಪವು ಡಿ.ಎನ್.ಎ.ಯ ಗ್ವಾನಿನ್ ಅಕ್ಷರಕ್ಕೆ ಅಂಟಿಕೊಳ್ಳುವುದು. ನಕಲು ತೆಗೆಯುವಾಗ ಆ ಎಡೆಯಲ್ಲಿ ಗ್ವಾನಿನ್ ಬದಲು ಥೈಮಿನ್ ಬಂದು ಕೂರುವುದು. ಈ ವಸ್ತುವು ಪಿ-೫೩ ಜೀನಿನ ೧೫೭, ೨೪೮, ೨೭೩ನೆಯ ಸ್ಥಾನಗಳಲ್ಲಿ ವಿಶೇಷವಾಗಿ ಅಂಟುತ್ತದೆಂದು ೧೯೯೬ರಲ್ಲಿ ಅಮೆರಿಕದಲ್ಲಿ ತೋರಿಸಲಾಯಿತು. ಶ್ವಾಸಕೋಶದ ಕ್ಯಾನ್ಸರ್ ಆದವರಲ್ಲಿ ಪಿ-೫೩ ಮೇಲಿಂದ ಮೇಲೆ ಕೆಟ್ಟಿರುವುದು ಇದೇ ಸ್ಥಾನಗಳಲ್ಲಿ! ಅಪರಾಧದ ಸ್ಥಳದಲ್ಲಿ ಬೆರಳಚ್ಚು ಸಿಕ್ಕಂತಾಯಿತು. ಅದುವರೆಗೆ ತಂಬಾಕಿನ ಮೇಲಿದ್ದ ಆರೋಪಕ್ಕೆ ಜನಗಳ ಅಂಕಿಸಂಖ್ಯೆ ಮತ್ತು ಪ್ರಾಣಿಪ್ರಯೋಗಗಳ ಆಧಾರವಿತ್ತು. ಈಗ ಅಣುವಿನ ಸಾಕ್ಷ್ಯವೂ ಕೂಡಿಕೊಂಡಿತು.

ಹೊಗೆಯಿಲ್ಲದ ತಂಬಾಕು ನಿರಪಾಯವೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಉಂಟು. ಸುಣ್ಣ ಸೇರಿಸಿ ಅಂಗೈಯಲ್ಲಿ ತಿಕ್ಕಿ ಬಾಯಿಗಿಡುವ ತಂಬಾಕು, ಎಲೆಯಡಿಕೆಯ ಜೊತೆಯ ತಂಬಾಕು, ಗುಟಕಾ, ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಮಿಶ್ರಿ, ಇವೆಲ್ಲವುಗಳಲ್ಲಿಯೂ ನೈಟ್ರೊಸಮೀನ್ ಎಂಬ ಕ್ಯಾನ್ಸರ್‌ಕಾರಕ ವಸ್ತುಗಳಿವೆ. ಅವು ಕೆನ್ನೆಯ ಒಳಚರ್ಮಕ್ಕೆ ಗಂಟೆಗಟ್ಟಲೆ ತಗುಲಿಕೊಂಡಿರುತ್ತವೆ. ತಂಬಾಕಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೦೪ರಲ್ಲಿ ಸಾರಿತು. ೨೦೧೬–೧೭ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ನೂರಕ್ಕೆ ೨೧ ಮಂದಿ ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದರು. ನಮ್ಮ ದೇಶದ ಗಂಡಸರಲ್ಲಿ ಬಾಯಿಯ ಕ್ಯಾನ್ಸರೇ ಮೊದಲನೆಯ ಸ್ಥಾನದಲ್ಲಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಇಂತಹ ಬಾಯಿಯ ಗಂತಿಗಳಲ್ಲಿ ಬಹುಪಾಲಿನವು ಪಿ-೫೩ನ್ನು ಕಳೆದುಕೊಂಡಿರುತ್ತವೆ.

ಬ್ರೇಕನ್ನು ಕೆಡಿಸುವುದಕ್ಕೆ ವೈರಸ್ಸುಗಳೂ ಸಮರ್ಥ. ಗರ್ಭಕಂಠದ ಕ್ಯಾನ್ಸರನ್ನು ತರುವ ಪ್ಯಾಪಿಲೋಮಾ ವೈರಸ್ಸಿನ ಇ-೬ ಎಂಬ ಪ್ರೋಟೀನು ಪಿ-೫೩ನ್ನು ನಾಶಗೊಳಿಸುವುದು, ಇ-೭ ಎಂಬುದು ಆರ್‌ಬಿಯನ್ನು ಕಟ್ಟಿಹಾಕುವುದು. ಜೀನುಗಳಲ್ಲಿ ಒಂದಕ್ಷರವೂ ಕೆಡದೆ ಎರಡು ಬ್ರೇಕುಗಳೂ ಏಕಕಾಲಕ್ಕೆ ಹೋದಂತಾಯಿತು. ಇದಕ್ಕೆ ಲಸಿಕೆಯುಂಟು. ಪುಣೆಯ ಸೀರಂ ಸಂಸ್ಥೆಯ ಸ್ವದೇಶಿ ಲಸಿಕೆಗೆ ೨೦೨೨ರಲ್ಲಿ ಅನುಮತಿ ದೊರೆಯಿತು.

ಚಿಕಿತ್ಸೆಯ ಬಗೆ

ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಮೊದಲಾದ ಕಡೆಗಳಲ್ಲಿ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವುದನ್ನು ವಾಚಕರು ಕೇಳಿರಬಹುದು. ಇಲ್ಲಿ ಭೌತಶಾಸ್ತ್ರದ ಒಂದು ಒಗಟಿದೆ. ಒಂದು ಕಿಲೋಗ್ರಾಂ ವಸ್ತುವು ವಿಕಿರಣದಿಂದ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದನ್ನು ಒಂದು ಗ್ರೇ ಎನ್ನುತ್ತೇವೆ. ಇಡೀ ಶರೀರಕ್ಕೆ ಒಮ್ಮೆಗೇ ೪ ಗ್ರೇ ತಗುಲಿ, ಚಿಕಿತ್ಸೆ ದೊರೆಯದಿದ್ದರೆ ಸುಮಾರು ಅರ್ಧದಷ್ಟು ಜನ ಸಾಯುವರು. ಆದರೆ ಆ ಶಕ್ತಿಯಿಂದ ಮೈಯ ಉಷ್ಣತೆ ಏರುವುದು ಒಂದು ಡಿಗ್ರಿಯ ಸಾವಿರದಲ್ಲೊಂದು ಭಾಗ ಮಾತ್ರ! ಒಂದು ಗುಟುಕು ಬಿಸಿ ಚಹದಲ್ಲಿ ಅದಕ್ಕಿಂತ ಹೆಚ್ಚು ಶಾಖವಿರುವುದು. ಹಾಗಾದರೆ ಕೊಲ್ಲುವುದು ಯಾವುದು?

ಕೊಲ್ಲುವುದು ಶಕ್ತಿಯ ಮೊತ್ತವಲ್ಲ, ಅದು ಬೀಳುವ ಸ್ಥಳ. ಒಂದು ಗ್ರೇ ವಿಕಿರಣವು ಒಂದೊಂದು ಕೋಶದಲ್ಲಿ ಡಿ.ಎನ್.ಎ.ಯ ಜೋಡಿ ಎಳೆಗಳನ್ನು ಕೆಲವು ಹತ್ತು ಕಡೆಗಳಲ್ಲಿ ಪೂರ್ತಿ ಕತ್ತರಿಸುವುದು. ಅನೇಕ ಬಗೆಯ ಕೋಶಗಳಲ್ಲಿ ಆ ಕಡಿತಗಳನ್ನು ಓದಿ ಮರಣದ ತೀರ್ಪು ಬರೆಯುವುದು ಪಿ-೫೩. ಇಲಿಗಳ ಥೈಮಸ್ ಗ್ರಂಥಿಯ ಕೋಶಗಳಿಗೆ ವಿಕಿರಣ ತಾಗಿಸಿದಾಗ ಪಿ-೫೩ ಉಳ್ಳವು ಸತ್ತವು, ಅದನ್ನು ತೆಗೆದುಹಾಕಿದವು ಬದುಕಿ ಉಳಿದವು ಎಂದು ೧೯೯೩ರಲ್ಲಿ ಪ್ರಕಟವಾಯಿತು. ಕ್ಯಾನ್ಸರಿನ ಮದ್ದು ತೆಗೆದುಕೊಳ್ಳುವವರ ಕೂದಲು ಉದುರುವುದಕ್ಕೂ ಇದೇ ಮೂಲ. ಪಿ-೫೩ ಇಲ್ಲದ ಇಲಿಗಳಲ್ಲಿ ಆ ಮದ್ದಿನಿಂದ ಕೂದಲು ಉದುರಲಿಲ್ಲ. ಕೂದಲಿನ ಬುಡದ ಆರೋಗ್ಯವಂತ ಕೋಶಗಳು ನಿಯಮಕ್ಕೆ ತಲೆಬಾಗಿ ಸಾಯುತ್ತವೆ. ಗಂತಿಯ ಕೋಶವೋ ನಿಯಮವನ್ನೇ ಕಿತ್ತೊಗೆದಿರುತ್ತದೆ. ಚಿಕಿತ್ಸೆಯ ಕಷ್ಟವೆಲ್ಲ ಈ ಒಂದು ವಾಕ್ಯದಲ್ಲಿದೆ.

ಹಾಗೆಂದು ಪಿ-೫೩ ಕೆಟ್ಟ ಗಂತಿಗೆ ವಿಕಿರಣ ನಿಷ್ಪ್ರಯೋಜಕವೆಂದು ತಿಳಿಯಬಾರದು. ತುಂಡಾದ ವರ್ಣತಂತುಗಳೊಡನೆ ಆತುರದಿಂದ ವಿಭಜನೆಗೆ ಹೊರಟ ಕೋಶವು ಆ ವಿಭಜನೆಯಲ್ಲಿಯೇ ನಾಶವಾಗುವುದೂ ಉಂಟು. ಬಾಯಿ ಗಂಟಲುಗಳ ಕ್ಯಾನ್ಸರಿಗೆ ದಿನಕ್ಕೆ ೨ ಗ್ರೇಯಂತೆ, ವಾರಕ್ಕೆ ಐದು ದಿನ, ಆರೇಳು ವಾರ ವಿಕಿರಣ ಕೊಡುವ ವಾಡಿಕೆಯ ಹಿಂದಿನ ತರ್ಕವೂ ಇದಕ್ಕೆ ಹೊಂದಿದೆ. ಆರೋಗ್ಯವಂತ ಕೋಶವು ಒಂದು ದಿನದ ಪೆಟ್ಟಿಗೆ ಬ್ರೇಕು ಹಾಕಿ ನಿಂತು, ಮರುದಿನದೊಳಗೆ ಬಹಳಷ್ಟು ದುರಸ್ತಿ ಮಾಡಿಕೊಳ್ಳುವುದು. ಬ್ರೇಕಿಲ್ಲದ ಕೋಶವು ದುರಸ್ತಿಗೆ ನಿಲ್ಲದೆ ಹಾನಿಯ ಮೇಲೆ ಹಾನಿಯನ್ನು ಹೊತ್ತುಕೊಳ್ಳುವುದು. ಆದುದರಿಂದ ವೈದ್ಯರು ಹೇಳಿದ ದಿನಗಳನ್ನು ತಪ್ಪಿಸುವುದು, ಅರ್ಧಕ್ಕೆ ಬಿಡುವುದು ಬಹಳ ಅಪಾಯಕರ.

ಕೆಟ್ಟ ಬ್ರೇಕನ್ನೇ ಸರಿಪಡಿಸಬಾರದೇಕೆ? ಅತಿಯಾಗಿ ಕೆಲಸ ಮಾಡುವ ಪ್ರೋಟೀನನ್ನು ಒಂದು ಮದ್ದಿನಿಂದ ತಡೆಯುವುದು ಸುಲಭ. ರಕ್ತದ ಒಂದು ಬಗೆಯ ಕ್ಯಾನ್ಸರಿಗೆ ೨೦೦೧ರಲ್ಲಿ ಬಳಕೆಗೆ ಬಂದ ಇಮಾಟಿನಿಬ್ ಮದ್ದು ಹೀಗೆ ಪೆಡಲನ್ನು ತಡೆಯುವಂಥದು. ಇಲ್ಲದ ಪ್ರೋಟೀನನ್ನು ಕೋಟ್ಯಂತರ ಕೋಶಗಳಿಗೆ ಹೊಸದಾಗಿ ಒದಗಿಸುವುದು ಮಾತ್ರ ಬಹು ಕಷ್ಟ. ವೈರಸ್ಸಿನ ಮೂಲಕ ಒಳ್ಳೆಯ ಪಿ-೫೩ ಜೀನನ್ನು ಗಂತಿಗೆ ಸೇರಿಸುವ ಚಿಕಿತ್ಸೆಗೆ ಚೀನವು ೨೦೦೩ರಲ್ಲಿ ಅನುಮತಿ ಕೊಟ್ಟಿತಾದರೂ ಅದು ಲೋಕದಲ್ಲೆಲ್ಲ ಹರಡಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕುಮಾರವೇಲ್ ಸೋಮಸುಂದರಂ ಅವರ ತಂಡವು ಪಿ-೫೩ರ ವರ್ಗದ ಪ್ರೋಟೀನುಗಳನ್ನೂ ಮೆದುಳಿನ ಗಂತಿಗಳನ್ನೂ ಕುರಿತು ಬಹುಕಾಲದಿಂದ ಸಂಶೋಧನೆ ನಡೆಸಿದೆ.

ನೇರ ದಾರಿ ಮುಚ್ಚಿರುವಾಗ ವಿಜ್ಞಾನಿಗಳು ಬಳಸುದಾರಿ ಹಿಡಿದಿದ್ದಾರೆ. ಆರ್‌ಬಿ ಇದ್ದೂ ಸಿ.ಡಿ.ಕೆ.-೪ರ ಹಾವಳಿಯಿಂದ ಸಡಿಲಾಗಿರುವ ಕೆಲವು ಸ್ತನ ಕ್ಯಾನ್ಸರುಗಳಲ್ಲಿ ಆ ಕಿಣ್ವವನ್ನು ತಡೆಯುವ ಪಾಲ್ಬೊಸಿಕ್ಲಿಬ್ ಎಂಬ ಮದ್ದು ೨೦೧೫ರಿಂದ ಬಳಕೆಯಲ್ಲಿದೆ. ಆರ್‌ಬಿಯೇ ಇಲ್ಲದ ಗಂತಿಯಲ್ಲಿ ಅದು ಕೆಲಸ ಮಾಡದು. ಇನ್ನೂ ಚಮತ್ಕಾರವಾದುದು ಬಿ.ಆರ್.ಸಿ.ಎ. ಜೀನುಗಳ ಕಥೆ. ಇವು ಡಿ.ಎನ್.ಎ. ದುರಸ್ತಿ ಮಾಡುವ ನಿಗ್ರಹಕಗಳು. ಇವು ಕೆಟ್ಟ ಮನೆತನಗಳಲ್ಲಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಹೆಚ್ಚು. ಮಳೆಗಾಲದಲ್ಲಿ ದೂಧಗಂಗೆ ಉಕ್ಕಿ ಮಲಿಕವಾಡ–ದತ್ತವಾಡದ ಸೇತುವೆ ಮುಳುಗಿದಾಗ ಜನ ಬೇರೊಂದು ಸೇತುವೆಯಿಂದ ಸುತ್ತಿಕೊಂಡು ಹೋಗುತ್ತಾರೆ. ಆ ಸೇತುವೆಯೂ ಮುಳುಗಿದರೆ ಹೊಳೆ ದಾಟುವ ಮಾತೇ ಇಲ್ಲ. ಬಿ.ಆರ್.ಸಿ.ಎ. ಕಳೆದುಕೊಂಡ ಗಂತಿಯ ಕೋಶವೂ ಪಾರ್ಪ್ ಎಂಬ ಇನ್ನೊಂದು ದುರಸ್ತಿಕಾರನನ್ನು ನೆಚ್ಚಿ ಬದುಕಿರುತ್ತದೆ. ಅದನ್ನು ಮದ್ದಿನಿಂದ ತಡೆದರೆ ಗಂತಿಯ ಕೋಶ ಸಾಯುವುದು. ಒಂದು ಒಳ್ಳೆಯ ಪ್ರತಿ ಉಳಿದಿರುವ ಇತರ ಕೋಶಗಳು ಬದುಕುವುವು. ೨೦೦೫ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡ ಈ ತತ್ತ್ವವು ೨೦೧೪ರಲ್ಲಿ ಒಲಾಪರಿಬ್ ಎಂಬ ಮದ್ದಾಗಿ ರೋಗಿಗಳನ್ನು ಮುಟ್ಟಿತು. ಗಂತಿಯು ಕಳೆದುಕೊಂಡ ಬ್ರೇಕೇ ಅದರ ಮರ್ಮಸ್ಥಾನವೂ ಆಯಿತು.

ಉಳಿದಿರುವ ಪ್ರತಿ

ಮದ್ದುಗಳು ಇನ್ನೂ ಉತ್ತಮವಾಗುವುವು. ಆದರೆ ಇಷ್ಟು ಓದಿದ ವಾಚಕರಿಗೆ ಒಂದು ಮಾತು ಸ್ಪಷ್ಟವಾಗಿರಬೇಕು. ಹೋದ ನಿಗ್ರಹಕ ಜೀನನ್ನು ಮರಳಿ ತರುವುದು ಇಂದಿಗೂ ಬಹು ಕಷ್ಟ. ಇರುವುದನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಕ್ಯಾನ್ಸರ್ ಒಂದೇ ಪೆಟ್ಟಿಗೆ ಬರುವ ರೋಗವಲ್ಲ. ಹಲವು ಜೀನುಗಳು ಹಲವು ವರ್ಷಗಳ ಅವಧಿಯಲ್ಲಿ ಕೆಡುತ್ತ ಹೋಗಬೇಕು. ಈ ವಿಳಂಬವೇ ನಮಗಿರುವ ಅವಕಾಶ. ತಂಬಾಕನ್ನು ತೊರೆದವರಲ್ಲಿ ವರ್ಷಗಳುರುಳಿದಂತೆ ಅಪಾಯ ತಗ್ಗುತ್ತದೆಂಬುದು ಸಿದ್ಧಪಟ್ಟ ಸಂಗತಿ.

ತಂಬಾಕಿನ ಬೆಳೆಯಿಂದ, ಬೀಡಿಯ ಕೆಲಸದಿಂದ ಹೊಟ್ಟೆ ಹೊರೆಯುವ ಮನೆಗಳು ನಮ್ಮ ಸೀಮೆಯಲ್ಲಿ ಬಹಳ. ಆ ಹಣದಿಂದಲೇ ಶಾಲೆ ಕಾಲೇಜಿನ ಶುಲ್ಕ ಕಟ್ಟಿದ ವಿದ್ಯಾರ್ಥಿಗಳು ಈ ಲೇಖನವನ್ನು ಓದುತ್ತಿರಬಹುದು. ಅವರನ್ನು ಹಳಿಯುವುದು ವಿಜ್ಞಾನದ ಕೆಲಸವಲ್ಲ. ಬೆಳೆಗಾರನಿಗೆ ಬೇರೆ ಬೆಳೆ ಒದಗಬೇಕಾದುದು ಸಮಾಜದ ಹೊಣೆ. ವಿದ್ಯಾರ್ಥಿಯ ಹೊಣೆ ಬೇರೆ. ಮನೆಯ ಹಿರಿಯರ ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ಬಿಗಿತ, ಇವು ಯಾವುದಾದರೂ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಗೆಳೆಯರು ಮೊದಲ ಗುಟಕಾ ಪೊಟ್ಟಣವನ್ನು ಮುಂದೆ ಚಾಚಿದಾಗ, ಆ ಜೀನಿಗೆ ತನ್ನಲ್ಲಿ ಎರಡೇ ಪ್ರತಿಗಳಿವೆಯೆಂಬುದನ್ನು ನೆನೆಯಬೇಕು. ಲೆಕ್ಕ ಬಲ್ಲವನಿಗೆ ಅಷ್ಟು ಸಾಕು.